ಪೀಲಿಂಗ್ ಮಾಡುತ್ತಿದ್ದ ಗಿರಿಜಕ್ಕ

ಗಿರಿಜಕ್ಕನ ಎಡಗೈಯ ಒಳಭಾಗದಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ಬಿಲ್ಲೆಯಗಲದ ಸುಟ್ಟ ಕಲೆಗಳಿದ್ದವು. ಮುಖದ ಮೇಲ್ಪದರ ಸುಲಿದು ಕಲೆ ತಿಳಿಯಾಗಿಸುವ ಪೀಲಿಂಗ್ ಔಷಧದ ಹೊಸ ಬಾಟಲಿ ಬಂದಾಗಲೆಲ್ಲ ಮೊದಲ ಹನಿ ಬೀಳುತ್ತಿದ್ದುದು ಅಲ್ಲಿಗೆ. ಇನ್ನೊಬ್ಬರ ಮುಖಕ್ಕೆ ಹಚ್ಚುವ ಮುನ್ನ ಅದು ಎಷ್ಟು ಉರಿಯುತ್ತದೆಂದು ಅವಳಿಗೆ ಗೊತ್ತಾಗಬೇಕಿತ್ತು.

ಬಿಡದಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಾನು ಅಂಥದ್ದೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಕೆನ್ನೆ ತುಂಬ ಮೊಡವೆ ಕಲೆ. ನೋಡಲು ಬಂದ ಎರಡು ಗಂಡುಗಳು ಬೇಡವೆಂದು ಹೋದ ಮೇಲೆ ಸ್ಟೇಷನ್ ರಸ್ತೆಯ ಅವಳ ಪಾರ್ಲರಿಗೆ ಹೋದೆ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಕಲೆ ಒಸಿ ತಿಳಿಯಾಯ್ತದೆ. ಬೆಳ್ಳಗಾಗ್ಬೇಕು ಅಂತ ಬಂದಿದ್ರೆ ಈಗ್ಲೇ ಎದ್ದೋಗು."

ಮಾತು ಒರಟು. ಆದರೆ ಔಷಧ ಹಚ್ಚಿದ ಮೇಲೆ ಗಡಿಯಾರದಿಂದ ಕಣ್ಣು ಕೀಳುತ್ತಿರಲಿಲ್ಲ; ಹೊತ್ತು ಮೀರಿದರೆ ಚರ್ಮ ಸುಟ್ಟುಹೋಗುತ್ತಿತ್ತು. ನಾನು ಮುಲುಗಿದರೆ, "ಉಸ್ರು ಬುಡು, ಇನ್ನೊಂದ್ ನಿಮಿಷ ಕಣೆ," ಎಂದು ಬೀಸಣಿಗೆ ಬೀಸುತ್ತಿದ್ದಳು.

ನಾಲ್ಕನೆಯ ಸಲ ಹಾಗೆ ಮುಖಕ್ಕೆ ಔಷಧ ಹಚ್ಚಿಸಿಕೊಂಡು, ಕಣ್ಣಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಾಗ ಒಬ್ಬ ಗಂಡಸು ಹೆಂಡತಿಯನ್ನು ಎಳೆದುಕೊಂಡು ಒಳಗೆ ನುಗ್ಗಿದ. ದನಿಯಿಂದಲೇ ಗುರುತು ಸಿಕ್ಕಿತು. ಜಮೀನು ಫ್ಯಾಕ್ಟರಿಗೆ ಹೋಗಿ ದಿಢೀರನೆ ದುಡ್ಡು ಕಂಡವನು. ಒಂದೇ ವಾರದಲ್ಲಿ ಹೆಂಡತಿಯನ್ನು ಬೆಳ್ಳಗೆ ಮಾಡಿಕೊಡೆಂದು ಹಿಂದೆಯೂ ಗಲಾಟೆ ಮಾಡಿದ್ದ. ಈ ಸಲ ಎಲ್ಲಿಂದಲೋ ಗಟ್ಟಿ ಆಸಿಡ್ಡಿನ ಬಾಟಲಿ ತಂದಿದ್ದ.

"ಇದ್ನ ಹಚ್ಚು."

"ಇದು ಮೊಕ ಕಣಪ್ಪ, ಕಕ್ಕಸಿನ ಕಲ್ಲಲ್ಲ. ಸುಟ್ಟೋಯ್ತದೆ. ನಾನು ಹಚ್ಚಕ್ಕಿಲ್ಲ."

ಛಟೀರ್ ಎಂದು ಏಟಿನ ಸದ್ದು. ಹೆಂಗಸು ಚೀರಿದಳು.

"ನನ್ನ ಅಂಗಡೀಲಿ ಹೆಣ್ಣಿನ ಮ್ಯಾಲೆ ಕೈ ಮಾಡ್ತೀಯೇನೋ!"

ಗಿರಿಜಕ್ಕ ಕಬ್ಬಿಣದ ಸ್ಟೂಲು ಬೀಸಿ ಅವನ ಮುಂಗೈ ಮುರಿದದ್ದು ನನಗೆ ತಿಳಿದದ್ದು ಆಮೇಲೆ. ಆಗ ಕೇಳಿಸಿದ್ದು ಮೂಳೆಯ ಸದ್ದು, ಕನ್ನಡಿ ಒಡೆದ ಸದ್ದು. ಅವನು ಇನ್ನೊಂದು ಕೈಯಲ್ಲಿದ್ದ ಬಾಟಲಿಯ ಆಸಿಡ್ಡನ್ನು ಅವಳ ಮೇಲೆ ಎರಚಿದ. ಗಿರಿಜಕ್ಕ ಕೂಗಿದ ಕೂಗು ಮನುಷ್ಯರದ್ದೆನಿಸಲಿಲ್ಲ.

ಮರುಕ್ಷಣ ನನ್ನ ಮುಖದ ಮೇಲೆ ತಣ್ಣೀರು ಬಿತ್ತು. ಹತ್ತಿ ಜಾರಿತು. ಜಗ್ಗು ಹಿಡಿದು ಅವಳೇ ನಿಂತಿದ್ದಳು. ಬಲಗೆನ್ನೆಯಿಂದ ಕತ್ತಿನವರೆಗೆ ಚರ್ಮ ಬೆಳ್ಳಗೆ ಬೆಂದುಹೋಗುತ್ತಿತ್ತು.

"ನಿಂದು ಟೈಮ್ ಆಗೋಗಿತ್ತು," ಎಂದವಳು ಅಲ್ಲೇ ಕುಸಿದಳು. ಒಡೆದ ಗಾಜಿನ ಮೇಲೆ ಕೂತು ನಾನೂ ಆ ಹೆಂಗಸೂ ಬಕೆಟ್ ಬಕೆಟ್ ನೀರು ಸುರಿದೆವು.

ರಾಮನಗರದ ಕೋರ್ಟಿನಲ್ಲಿ ಆ ಹೆಂಗಸು ಗಂಡನ ಎದುರಿಗೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಅವನು ಜೈಲಿಗೆ ಹೋದ. ಗಿರಿಜಕ್ಕ ಪಾರ್ಲರಿನ ಬಾಗಿಲು ಮತ್ತೆ ತೆಗೆಯಲಿಲ್ಲ. ಮಾಗಡಿಯಲ್ಲಿದ್ದ ಅಕ್ಕನ ಮನೆ ಸೇರಿದಳು.

ನನ್ನ ಮದುವೆಯ ಕರೆಯೋಲೆ ಕೊಡಲು ಹೋದಾಗ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಅವತ್ತು ಮೊದ್ಲು ನಿಂಗೇ ನೀರು ಹುಯ್ಕೋಬಾರ್ದಿತ್ತೇನಕ್ಕ?"

"ಯೋಚ್ನೆ ಮಾಡಿದ್ರೆ ಹುಯ್ಕೋತಿದ್ನೇನೋ," ಎಂದಳು. ಕತ್ತಿನ ಮೇಲೆ ಸೆರಗು ಎಳೆದುಕೊಂಡು, "ಒಂದೊಂದ್ ದಪ ನಿನ್ ಮ್ಯಾಲೂ ಸಿಟ್ಟು ಬತ್ತದೆ ಕಣೆ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಬಿಡದಿ ಬಸ್ಸು ಬಂತು, ತುಂಬಿಕೊಂಡು ಹೊರಟೂ ಹೋಯಿತು. ಇಬ್ಬರೂ ಹಾಗೇ ನಿಂತಿದ್ದೆವು. ಮದುವೆಗೆ ಅವಳು ಬರಲಿಲ್ಲ. ಆಮೇಲೆ ನಾನು ಅವಳನ್ನು ನೋಡಲಿಲ್ಲ.