ಕಲಾಯಿ ಸಾಬರ ಕೊನೆಯ ಸುತ್ತು

ಅವರ ಅಂಗಾಲುಗಳು ಹೊಳೆಯ ತಳದ ಕಲ್ಲಿನಷ್ಟು ನುಣುಪಾಗಿದ್ದವು. ಮೂವತ್ತು ವರ್ಷ ಊರೂರಿನ ಹಂಡೆ ತಪ್ಪಲೆಗಳೊಳಗೆ ನಿಂತು, ಮರಳನ್ನೂ ಗೋಣಿಚೂರನ್ನೂ ಪಾದದಡಿ ಒತ್ತಿಕೊಂಡು, ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಅಲ್ಲಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಹಿಮ್ಮಡಿ ಮಾತ್ರ ಬಿರಿದಿತ್ತು. ಅದು ಹಿತ್ತಾಳೆಯ ಕೆಲಸವಲ್ಲ, ದಾರಿಯ ಕೆಲಸ.

ನಾನು ಭೇರ್ಯದ ಶಾಲೆಗೆ ಮೇಷ್ಟ್ರಾಗಿ ಬಂದ ಹೊಸದರಲ್ಲಿ ಅವರನ್ನು ಮೊದಲು ಕಂಡೆ. ಹುಣಸೂರಿನವರು. ಹುಳಿ ತಾಕಿದರೆ ಕಿಲುಬೇಳದಂತೆ ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯುವುದು ಅವರ ಕೆಲಸ; ನಾವೆಲ್ಲ ಕಲಾಯಿ ಸಾಬರು ಎನ್ನುತ್ತಿದ್ದೆವು. ಬೆನ್ನ ಮೇಲೆ ತಿದಿ, ಹೆಗಲಿಗೆ ಇದ್ದಿಲಿನ ಚೀಲ, ಸೊಂಟದಲ್ಲಿ ತವರದ ಕೋಲುಗಳನ್ನು ಸುತ್ತಿಟ್ಟ ಬಟ್ಟೆ. ಹುಣಸೂರು ಬಿಟ್ಟರೆ ಭೇರ್ಯ, ಸಾಲಿಗ್ರಾಮ, ಅಲ್ಲಿಂದ ಪಿರಿಯಾಪಟ್ಟಣದ ಹಳ್ಳಿಗಳು, ಆಮೇಲೆ ಹೆಗ್ಗಡದೇವನಕೋಟೆಯ ಕಾಡಂಚು. ಒಂದು ಸುತ್ತು ಮುಗಿಯಲು ಮೂರು ತಿಂಗಳು. ನಮ್ಮೂರಿಗೆ ಬಂದಾಗ ಶಾಲೆಯ ಮುಂದಿನ ಹೊಂಗೆಮರದ ಕೆಳಗೆ ಗುಂಡಿ ತೋಡಿ ಬೆಂಕಿ ಹಾಕುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದೊಡನೆ ಬಿಳಿಹೊಗೆ ಏಳುತ್ತಿತ್ತು. ತವರ ಸವರಿ, ಹತ್ತಿಯಿಂದ ಒಂದೇ ಸುತ್ತು ಉಜ್ಜಿದರೆ ಪಾತ್ರೆಯ ಹೊಟ್ಟೆ ಬೆಳ್ಳಿಯಂತಾಗುತ್ತಿತ್ತು. ಮಕ್ಕಳ ಕಣ್ಣೆಲ್ಲ ಕಿಟಕಿಯ ಆಚೆ. ನಾನು ಮಗ್ಗಿ ಹೇಳಿಸುವುದನ್ನು ನಿಲ್ಲಿಸಿ ನಾನೂ ನೋಡುತ್ತಿದ್ದೆ.

ಕೆಲಸ ಮುಗಿಸಿದ ಪಾತ್ರೆಯನ್ನು ಅವರು ನೇರವಾಗಿ ಕೈಗೆ ಕೊಡುತ್ತಿರಲಿಲ್ಲ. ಒಳಭಾಗವನ್ನು ಹೆಂಗಸರ ಮುಂದೆ ಹಿಡಿದು, "ನೋಡ್ಕಳವ್ವ, ನಿನ್ ಮುಖ ಕಾಣ್ತದಾ? ಕಾಣ್ದಿದ್ರೆ ಹೇಳು, ತಿರ್ಗಾ ಮಾಡ್ತೀನಿ" ಎನ್ನುತ್ತಿದ್ದರು. ಕಾಣದೇ ಇದ್ದದ್ದನ್ನು ನಾನು ನೋಡಲಿಲ್ಲ.

ಮಧ್ಯಾಹ್ನ ಬಿಡುವಿನಲ್ಲಿ ನಮ್ಮ ಮಾತು. ಅವರಿಗೆ ಓದು ಬರಹ ಬಾರದು. ಹುಣಸೂರಿನ ಪೇಟೆಬೀದಿಯಲ್ಲಿ ಒಂದು ಅಂಗಡಿ ಹಾಕಬೇಕೆಂಬುದೊಂದೇ ಅವರ ತಲೆಯಲ್ಲಿದ್ದದ್ದು. ಬೀದಿಯ ಮೂಲೆಯ ಒಂದು ಮಳಿಗೆಯನ್ನು ನೋಡಿಟ್ಟಿದ್ದರು. ಅದರ ಯಜಮಾನರಿಗೆ ಕಾಗದ ಬರೆಯುವುದು ನನ್ನ ಪಾಲಿಗೆ ಬಂತು. ನಾನು ಬರೆಯುತ್ತಿರುವಾಗ ಅವರು ಕಡ್ಡಿಯಿಂದ ಮಣ್ಣಿನಲ್ಲಿ ಮಳಿಗೆ ಬರೆಯುತ್ತಿದ್ದರು. "ಇಲ್ಲಿ ಒಲೆ. ಇಲ್ಲಿ ಪಾತ್ರೆ ನೇತಾಕೋ ಗೂಟ. ಇಲ್ಲಿ ನಾನು." "ನೀವು ನಿಂತಿರ್ತೀರೋ ಕೂತಿರ್ತೀರೋ?" ಎಂದು ಒಮ್ಮೆ ಕೇಳಿದೆ. ನಕ್ಕರು. "ಕೂತಿರ್ತೀನಿ ಮೇಷ್ಟ್ರೇ. ಜನ ಪಾತ್ರೆ ತಕಂಡು ನನ್ ತಾವ ಬರ್ಬೇಕು. ನಾನು ಹೋಗೋದಲ್ಲ."

ಆ ನಗುವಿನ ಹಿಂದೆ ಏನಿತ್ತೆಂದು ಗೊತ್ತಾದದ್ದು ಇನ್ನೊಂದು ದಿನ. ಹಂಡೆಯೊಳಗೆ ತಿರುಗುತ್ತಿದ್ದವರು ತಟ್ಟನೆ ನಿಂತು ಹಂಡೆಯ ಬಾಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಖವೆಲ್ಲ ಬೆವರು. ಕೈಕೊಟ್ಟು ಹೊರಗೆ ಇಳಿಸಿದೆ. ಎರಡೂ ಮಂಡಿ ಊದಿದ್ದವು. "ಯಾರಿಗೂ ಹೇಳ್ಬೇಡಿ" ಅಂದರು. "ಕಾಲು ಹೋಯ್ತು ಅಂತ ಗೊತ್ತಾದ್ರೆ ಹಳ್ಳೀಲಿ ಪಾತ್ರೆ ಕೊಡಾಕಿಲ್ಲ. ಈ ಕಾಲು ನಿಲ್ಲೋದ್ರೊಳಗೆ ಅಂಗಡಿ ಆಗ್ಬೇಕು." ಮಂಡಿ ಉಜ್ಜಿಕೊಳ್ಳುತ್ತಾ ತಾವಾಗಿಯೇ ಹೇಳಿದರು: "ಹೋದ್ಸಲ ಮನೆಗೆ ಹೋದಾಗ ಕಿರೀ ಮಗಳು ಬಾಗಿಲು ತೆಗೆದು, ಯಾರೋ ಬಂದವ್ರೆ ಅಂತ ಅವ್ಳ ಅಮ್ಮನ್ನ ಕೂಗಿದ್ಲು ಮೇಷ್ಟ್ರೇ. ನನ್ನ ಗುರ್ತು ಹತ್ತಲಿಲ್ಲ."

ಅವರಿಗೆ ಮೂವರು ಹೆಣ್ಣುಮಕ್ಕಳು. ಮೂರು ತಿಂಗಳಿಗೆ ನಾಲ್ಕೈದು ದಿನ ಮನೆ. ಆ ದಿನಗಳಲ್ಲೂ ಇದ್ದಿಲು ತರುವುದು, ತಿದಿಯ ಚರ್ಮ ಹೊಲಿಯುವುದು, ತವರ ಕರಗಿಸಿ ಕೋಲು ಎರೆಯುವುದು. ಪ್ರತಿ ಸುತ್ತಿನಲ್ಲೂ ಒಂದೆರಡು ತವರದ ಕೋಲುಗಳನ್ನು ಅಂಗಡಿಗೆಂದು ಉಳಿಸಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹಾಗೆ ವರ್ಷಗಟ್ಟಲೆ ಇಟ್ಟಿದ್ದರು.

ಅಷ್ಟರಲ್ಲಿ ಯುದ್ಧ ಬಂತು. ಮಲಯಾ ಜಪಾನಿನವರ ಕೈಸೇರಿತೆಂದು ಪತ್ರಿಕೆಯಲ್ಲಿ ಓದಿದಾಗ ಅದಕ್ಕೂ ಹೊಂಗೆಮರದ ಕೆಳಗಿನ ಬೆಂಕಿಗೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ತವರ ಬರುತ್ತಿದ್ದದ್ದೇ ಅಲ್ಲಿಂದ. ಕೆಲವೇ ತಿಂಗಳಲ್ಲಿ ಮೈಸೂರಿನಲ್ಲೂ ತವರ ಇಲ್ಲವಾಯಿತು. ಅಮಲ್ದಾರರ ಕಚೇರಿಗೆ ನಾನೇ ಅರ್ಜಿ ಬರೆದುಕೊಟ್ಟೆ. ಇರುವುದು ದಂಡಿನ ಕೆಲಸಕ್ಕೇ ಸಾಲದು ಎಂಬ ಉತ್ತರ ಬಂತು. ಹುಣಸೂರಿನಲ್ಲಿ ಕಲಾಯಿ ಮಾಡುತ್ತಿದ್ದ ಇಬ್ಬರು ಒಲೆ ಆರಿಸಿ ಕೂಲಿಗೆ ಹೋದರು. ಮಳಿಗೆಯ ಯಜಮಾನರು, ಬಕ್ರೀದ್ ಕಳೆದ ಮೇಲೆ ಮಳಿಗೆ ಬಿಟ್ಟುಕೊಡುತ್ತೇನೆ ಎಂದು ಒಪ್ಪಿದ್ದು ಸರಿಯಾಗಿ ಆಗಲೇ. "ಈಗ ಯಾರ ತಾವ ತವರ ಐತೋ ಅವನೇ ಅಂಗಡಿಯೋನು" ಅಂದರು ಸಾಬರು. ದನಿಯಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಪೆಟ್ಟಿಗೆಯ ತವರ ಮುಟ್ಟಿದರೆ ಅಂಗಡಿ ಇಲ್ಲ. ಮುಟ್ಟದಿದ್ದರೆ ಬಕ್ರೀದ್‌ವರೆಗೆ ಮನೆಯ ಒಲೆ ಉರಿಯುವುದಿಲ್ಲ.

ಆ ಬೇಸಿಗೆಯಲ್ಲಿ ಅವರು ಬಂದಾಗ ಮಾತು ಕಡಿಮೆಯಾಗಿತ್ತು. ನನ್ನ ಹೆಂಡತಿ ಆಗ ಮೂರು ತಿಂಗಳ ಬಸುರಿ; ಅವರು ಬಂದ ದಿನವೇ ಅದನ್ನು ಹೇಳಿದ್ದೆ. ಮದುವೆಯಲ್ಲಿ ತವರುಮನೆಯಿಂದ ತಂದಿದ್ದ ತಪ್ಪಲೆಗಳನ್ನು ಅವಳೇ ಒಯ್ದು ಅವರ ಮುಂದೆ ಇಟ್ಟಳು. ಅವರು ಅವಳನ್ನೂ ತಪ್ಪಲೆಗಳನ್ನೂ ನೋಡಿದರು. "ಇವತ್ತು ಬ್ಯಾಡ ತಾಯಿ, ಮುಂದಿನ ಸಲ ಮಾಡ್ತೀನಿ" ಅಂದರು. "ಇದೊಂದರಲ್ಲೇ ನಾನು ಸಾರು ಮಾಡೋದು ಸಾಬಣ್ಣ, ಕಲಾಯಿ ಎಲ್ಲ ಹೋಗಿದೆ" ಎಂದು ಇವಳು ಅವುಗಳಲ್ಲಿ ದೊಡ್ಡದನ್ನು ತೋರಿಸಿ ಒತ್ತಾಯಿಸಿದಳು. ಮಾಡಿಕೊಟ್ಟರು. ಹೊಳಪು ಮಂಕಾಗಿತ್ತು. ಮುಖ ಕಾಣುತ್ತದೆಯೇ ಎಂದು ಕೇಳಲಿಲ್ಲ. ಎದ್ದು ಹೊರಡುವಾಗ, "ಹುಳಿ ಹಾಕಿದ್ದನ್ನ ಇದ್ರಲ್ಲಿ ಬಾಳ ಹೊತ್ತು ಇಟ್ಕೋಬೇಡಿ" ಅಂದರು.

"ಹುಳಿ ಇಡಬಾರದು ಅಂದರೆ ಮತ್ತೆ ಕಲಾಯಿ ಯಾಕಂತೆ?" ಎಂದು ಅವಳು ಒಳಗೆ ಬಂದು ನಕ್ಕಳು. ನಾನೂ ನಕ್ಕೆ.

ಒಂದು ತಿಂಗಳಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಬಾಯಿ ರುಚಿ ಕೆಟ್ಟಿತು. ನನಗೂ ಹೊಟ್ಟೆ ಹಿಂಡುತ್ತಿತ್ತು, ಆದರೆ ನಾನು ಲೆಕ್ಕಿಸಲಿಲ್ಲ. ಐದನೆಯ ತಿಂಗಳಲ್ಲಿ ಗರ್ಭ ಇಳಿದುಹೋಯಿತು. ಗಾಡಿಯಲ್ಲಿ ಹುಲ್ಲು ಹಾಸಿ ಕೃಷ್ಣರಾಜನಗರಕ್ಕೆ ಕರೆದುಕೊಂಡು ಹೋದೆ. ಮೊದಲ ಬಸುರು, ರಕ್ತ ಸಾಲದು, ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರು. ನಂಬಿದೆವು.

ಮುಂದಿನ ಸುತ್ತಿನಲ್ಲಿ ಸಾಬರು ಬಂದರು. ತಿದಿ ಇಳಿಸುವ ಮೊದಲೇ, "ಮನೇವ್ರು ಚೆನ್ನಾಗವ್ರಾ?" ಅಂದರು. ನಡೆದದ್ದನ್ನು ಹೇಳಿದೆ. ಹೊಂಗೆಮರಕ್ಕೆ ಬೆನ್ನು ಕೊಟ್ಟು ಕುಸಿದರು. "ಆ ಸಾರಿನ ತಪ್ಪಲೆ ಒಂದ್ಸಲ ತತ್ತೀರಾ?" ಎಂದು ಕೇಳಿದರು. ತಂದೆ. ತಲೆಗೆ ಸುತ್ತಿದ್ದ ಬಿಳಿ ವಸ್ತ್ರ ಬಿಚ್ಚಿ ಅದರ ತುದಿಯಿಂದ ಪಾತ್ರೆಯ ಒಳಗನ್ನು ಒರೆಸಿದರು. ವಸ್ತ್ರ ಕಪ್ಪಾಯಿತು. ಅದನ್ನು ನನ್ನ ಮುಂದೆ ಹಿಡಿದರು.

"ತವರಕ್ಕೆ ಸೀಸ ಬೆರೆಸಿದ್ದೆ ಮೇಷ್ಟ್ರೇ. ಅರ್ಧಕ್ಕರ್ಧ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಸೀಸ ವಿಷ ಅಂತ ಗೊತ್ತಿರಲಿಲ್ಲವೇ?" ಎಂದೆ.

"ಗೊತ್ತಿತ್ತು. ನಮ್ಮಪ್ಪ ಕೈಗೆ ಕೋಲು ಕೊಟ್ಟ ದಿನಾನೇ ಹೇಳಿದ್ರು."

"ಒಳ್ಳೆಯ ತವರ ಇರಲಿಲ್ಲವೇ ನಿಮ್ಮ ಹತ್ತಿರ?"

"ಇತ್ತು" ಅಂದರು. ತಲೆ ಎತ್ತಲಿಲ್ಲ. "ಮನೇಲಿತ್ತು. ಅಂಗಡಿಗೆ ಅಂತ ಮಡಗಿದ್ದೆ."

ನಾನು ಆ ತಪ್ಪಲೆಯನ್ನು ಕಿತ್ತುಕೊಂಡು ಬೀದಿಗೆ ಎಸೆದೆ. ಆಡಬಾರದ್ದನ್ನೆಲ್ಲ ಆಡಿದೆ. ಅವರ ಮೂವರು ಮಕ್ಕಳ ಹೆಸರೆತ್ತಿ ಆಡಿದ ಒಂದು ಮಾತನ್ನು ಇಲ್ಲಿ ಬರೆಯಲಾರೆ. ಅವರು ಎಲ್ಲಕ್ಕೂ ಹೂಂ ಎನ್ನುವಂತೆ ತಲೆಯಾಡಿಸಿದರು. ಸೀಸದಿಂದಲೇ ಹಾಗಾಯಿತೋ ಇಲ್ಲವೋ ಇವತ್ತಿಗೂ ಯಾರೂ ಖಂಡಿತ ಹೇಳಲಾರರು. ಅವರು ಆ ಅನುಮಾನದ ಆಸರೆ ಬೇಡಲಿಲ್ಲ. ತಿದಿ ಹೊತ್ತುಕೊಂಡು ಹುಣಸೂರಿನ ದಾರಿ ಹಿಡಿದರು.

ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಎಂಟು ಹತ್ತು ದಿನಗಳಲ್ಲಿ ಹೊಂಗೆಮರದ ಕೆಳಗೆ ಮತ್ತೆ ಹೊಗೆ ಎದ್ದಿತು. ಪೆಟ್ಟಿಗೆಯ ತವರವನ್ನೆಲ್ಲ ಹೊತ್ತು ತಂದಿದ್ದರು. ಬೆಂಕಿ ಹೊತ್ತಿಸಿ, ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದರು: "ಹೋದ ಬ್ಯಾಸ್ಗೇಲಿ ನಾನು ಮಾಡ್ಕೊಟ್ಟ ಕಲಾಯೀಲಿ ಸೀಸ ಐತೆ. ಅದ್ರಲ್ಲಿ ಅಡುಗೆ ಮಾಡ್ಬೇಡಿ. ಪಾತ್ರೆ ಕೊಡಿ, ಕೆರೆದು ತಿರ್ಗಾ ಮಾಡ್ಕೊಡ್ತೀನಿ. ಏನೂ ಕೊಡೋದು ಬ್ಯಾಡ."

ಊರಿನ ಒಬ್ಬ ಗೌಡರು ಜಗಲಿಯಿಂದ ಇಳಿದು ಬಂದು ಕೆನ್ನೆಗೆ ಹೊಡೆದರು. "ನಮ್ ಮನೆ ಮಕ್ಳಿಗೆ ಇಸ ಉಣ್ಸಿ ಈಗ ಹೇಳಾಕ್ ಬಂದಿದ್ದೀಯಾ?" ಸಾಬರು ಕೆನ್ನೆ ಒರೆಸಿಕೊಂಡು, "ಹೊಡೀರಿ ಬುದ್ಧಿ. ಆದ್ರೆ ಪಾತ್ರೆ ಕೊಡಿ" ಅಂದರು. ಅದೇ ಬೀದಿಯ ಮುದುಕಿಯೊಬ್ಬಳು, "ಇಷ್ಟು ದಿನ ಉಂಡ್ಕಂಡು ಬದ್ಕಿಲ್ವಾ, ಬುಡು ಸಾಬಣ್ಣ, ಕುಂಟ್ತಿದ್ದೀಯ, ಮಂಡಿ ನೋಡ್ಕ ಹೋಗು" ಎಂದು ಬಾಗಿಲು ಹಾಕಿಕೊಂಡಳು. ಅವಳ ಬಾಗಿಲಲ್ಲಿ ಕುಳಿತೇ ಬಿಟ್ಟರು. ಸಂಜೆಯ ಹೊತ್ತಿಗೆ ಅವಳೇ ಬೈದುಕೊಂಡು ಪಾತ್ರೆ ತಂದು ಮುಂದೆ ಹಾಕಿದಳು.

ಆರು ದಿನ ಕೆಲಸ ನಡೆಯಿತು. ಹಂಡೆಯೊಳಗೆ ಇಳಿದವರಿಗೆ ಹೊರಗೆ ಬರಲಾಗುತ್ತಿರಲಿಲ್ಲ, ಯಾರಾದರೂ ರಟ್ಟೆ ಹಿಡಿದು ಎತ್ತಬೇಕಿತ್ತು. ನಾನು ಎತ್ತಲಿಲ್ಲ. ಕಿಟಕಿ ಮುಚ್ಚಿಕೊಂಡು ಪಾಠ ಮಾಡಿದೆ. ನಮ್ಮ ಮನೆಯ ಪಾತ್ರೆ ಕೊಡಬಾರದೆಂದು ಹೆಂಡತಿಗೂ ಕಟ್ಟಪ್ಪಣೆ ಮಾಡಿದ್ದೆ.

ಆರನೆಯ ದಿನ ಅವಳು ನನ್ನನ್ನು ಕೇಳಲಿಲ್ಲ. ನಾನು ಬೀದಿಗೆಸೆದು ನೆಗ್ಗಿಹೋಗಿದ್ದ ತಪ್ಪಲೆಯನ್ನೂ ಉಳಿದವನ್ನೂ ಸೊಂಟದ ಮೇಲೆ ಹೊತ್ತುಕೊಂಡು ಶಾಲೆಯ ಮುಂದೆಯೇ ನಡೆದು ಹೋದಳು. ನಾನು ಬಾಗಿಲಿಗೆ ಬಂದು ನಿಂತೆ. ಅವರು ಎದ್ದು ನಿಲ್ಲಲು ಹೋಗಿ ಆಗದೆ ಕೈಮುಗಿದರು.

"ನನಗೆ ಒಂದು ಹೇಳಿ" ಅಂದಳು ಅವಳು. "ನಾನು ಬಸುರಿ ಅಂತ ಗೊತ್ತಿದ್ದೂ ಮಾಡಿಕೊಟ್ರಾ?"

"ಗೊತ್ತಿತ್ತು ತಾಯಿ. ಬ್ಯಾಡ ಅಂದೆ, ಆದ್ರೆ ಯಾಕೆ ಬ್ಯಾಡ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು."

ಅವಳು ಅಲ್ಲಿಯೇ ನೆಲದ ಮೇಲೆ ಕುಳಿತಳು. ಅವರು ಮೊದಲು ನೆಗ್ಗಿದ್ದನ್ನು ಬಡಿದು ಸರಿಮಾಡಿದರು. ಹಳೆಯ ಕಲಾಯಿ ಕರಗಿಸಿ ಒರೆಸಿ ತೆಗೆದರು. ಹೊಸ ತವರ ಸವರಿದರು. ಅವಳು ಕೊನೆಯವರೆಗೂ ಏಳಲಿಲ್ಲ. ಅಳುತ್ತಿದ್ದಳು, ಅವರೂ ಅಳುತ್ತಿದ್ದರು, ತಿದಿ ಮಾತ್ರ ನಿಲ್ಲಲಿಲ್ಲ. ಕೆಲಸವಾದ ಮೇಲೆ ಅವಳು ಮನೆಗೆ ಹೋಗಿ ಅದೇ ತಪ್ಪಲೆಯಲ್ಲಿ ಹುಳಿಮಜ್ಜಿಗೆ ತಂದು ಮೊದಲು ತಾನು ಎರಡು ಗುಟುಕು ಕುಡಿದು ಅವರಿಗೆ ಕೊಟ್ಟಳು. ಅವರು ಕುಡಿದರು. ನಾನು ಬಾಗಿಲಲ್ಲೇ ಇದ್ದೆ. ಹತ್ತು ಹೆಜ್ಜೆ ಇಳಿದು ಹೋಗಿದ್ದರೆ ಆಗುತ್ತಿತ್ತು. ಹೋಗಲಿಲ್ಲ.

ಅಲ್ಲಿಂದ ಸಾಲಿಗ್ರಾಮಕ್ಕೆ ಹೋದರೆಂದು ಕೇಳಿದೆ. ಆಮೇಲೆ ಪಿರಿಯಾಪಟ್ಟಣದ ಹಳ್ಳಿಗಳು. ಎಲ್ಲ ಕಡೆ ಅದೇ ಮಾತು, ಕೆಲವು ಕಡೆ ಅದೇ ಹೊಡೆತ. ಸಂತೆಗೆ ಬಂದವರು ಹೇಳುತ್ತಿದ್ದರು, ಕೋಲು ಊರಿಕೊಂಡು ನಡೆಯುತ್ತಾರೆ, ಗಾಡಿ ಸಿಕ್ಕಿದರೆ ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ ಎಂದು. ಬಕ್ರೀದ್ ಕಳೆಯಿತು. ಪೇಟೆಬೀದಿಯ ಮಳಿಗೆ ಹೊಗೆಸೊಪ್ಪು ಬೀಡಿ ಮಾರುವವರ ಪಾಲಾಯಿತು.

ಕೊನೆಗೆ ಉಳಿದದ್ದು ಹೆಗ್ಗಡದೇವನಕೋಟೆಯ ಆಚೆಯ ಕಾಡಂಚು. ಅದು ಚಳಿಜ್ವರದ ಕಾಲ, ಆ ಸೀಮೆಗೆ ಕೆಲಸದ ಮೇಲೆ ಹಾಕಿದರೆ ಸರ್ಕಾರಿ ನೌಕರರೂ ರಜ ಬರೆದು ತಪ್ಪಿಸಿಕೊಳ್ಳುತ್ತಿದ್ದರು. ಅಲ್ಲಿನ ಬೇಗೂರಿನಲ್ಲಿ ಸಾಬರಿಗೆ ಜ್ವರ ಹಿಡಿಯಿತು. ಜ್ವರದಲ್ಲೇ ಚಾವಡಿಯ ಮುಂದೆ ಒಲೆ ಹಾಕಿದ್ದರಂತೆ. ಊರಿನಲ್ಲಿ ಇನ್ನು ನಾಲ್ಕೈದು ಮನೆಯ ಪಾತ್ರೆಗಳು ಬಾಕಿಯಿರುವಾಗ ಮೇಲೇಳಲಿಲ್ಲ. ಅಲ್ಲಿ ಅವರ ಜನ ಯಾರೂ ಇರಲಿಲ್ಲ. ವಯನಾಡಿನಿಂದ ಮರ ತುಂಬಿದ ಗಾಡಿ ಹೊಡೆದುಕೊಂಡು ಬಂದಿದ್ದ ಮಾಪಿಳ್ಳೆ ಮುಸಲ್ಮಾನರು ನಮಾಜು ಮಾಡಿ ಮಣ್ಣು ಕೊಟ್ಟರು. ಅವರಲ್ಲೊಬ್ಬ ತಿದಿಯನ್ನೂ ಉಳಿದ ಸಾಮಾನನ್ನೂ ಹುಣಸೂರಿನ ಮನೆಗೆ ಮುಟ್ಟಿಸಿದನಂತೆ.

ಈ ಸುದ್ದಿ ನನಗೆ ತಲುಪಿದ್ದು ಎಷ್ಟೋ ತಡವಾಗಿ. ಅಷ್ಟರಲ್ಲಿ ನಮಗೆ ಹೆಣ್ಣುಮಗು ಹುಟ್ಟಿತ್ತು. ಅವಳು ಹುಟ್ಟಿದ ವಾರದಲ್ಲೇ ಹೆಂಡತಿ, "ಸಾಬಣ್ಣನಿಗೆ ಒಂದು ಕಾರ್ಡು ಹಾಕಿ" ಎಂದಿದ್ದಳು. ನಾಳೆ ನಾಳೆ ಎಂದು ಮುಂದೂಡುತ್ತಾ ಬಂದಿದ್ದೆ. ನಿಜ ಹೇಳಬೇಕೆಂದರೆ, ಆ ಸುದ್ದಿಯಿಂದ ಅವರ ಮನಸ್ಸು ಹಗುರವಾಗುವುದು ನನಗೆ ಬೇಕಾಗಿರಲಿಲ್ಲ.

ಒಂದು ಶನಿವಾರ ಶಾಲೆ ಬೆಳಗಿನ ಹೊತ್ತಿಗೇ ಮುಗಿದಾಗ ಹುಣಸೂರಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಬಾಗಿಲ ಪರದೆಯ ಆಚೆ ನಿಂತು ಮಾತಾಡಿದರು. ಭೇರ್ಯದವನು ಎಂದೊಡನೆ, "ನೀವು ಮೇಷ್ಟ್ರಾ?" ಎಂದು ಕೇಳಿದರು.

"ಹೌದು."

"ನಿಮ್ಮನೇಲಿ ಹೆಂಗವ್ರೆ? ಮತ್ತೆ ಏನಾದ್ರೂ ವಿಶೇಷ ಆಯ್ತಾ? ಅವ್ರು ಕೊನೇ ಸಲ ಸುತ್ತಿಗೆ ಹೊರಡೋವಾಗ ಹೇಳಿದ್ರು, ಭೇರ್ಯದಿಂದ ಯಾರೇ ಬಂದ್ರೂ ಅದೊಂದು ಕೇಳಿಟ್ಕೋ ಅಂತ. ಯಾರೂ ಬರ್ಲಿಲ್ಲ" ಅಂದರು.

ಹೆಣ್ಣುಮಗು, ಎಂಟು ತಿಂಗಳಾಯಿತು ಎಂದೆ. ಅವರು ಒಳಗೆ ತಿರುಗಿ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಒಳಗಿನಿಂದ ಹುಡುಗಿಯರು ಮೂವರೂ ಒಟ್ಟಿಗೆ ಏನೋ ಕೇಳಿದರು. ಆ ಹುಡುಗಿಯರಿಗೂ ಎಲ್ಲ ಗೊತ್ತಿತ್ತು. ಇಡೀ ಮನೆ ಈ ಒಂದು ಸುದ್ದಿಗೆ ಕಾದಿತ್ತು.

"ಮಗು ಗಟ್ಟಿಯಾಗೈತಾ ಅಂತ ಕೇಳ್ತವ್ರೆ" ಎಂದರು ತಾಯಿ.

"ಗಟ್ಟಿಯಾಗಿದೆ" ಎಂದೆ. ಪರದೆಯ ಆಚೆ ಒಬ್ಬಳು ಅಳಲು ಶುರುಮಾಡಿದಳು. ಆ ಮಾತು ಕೇಳಬೇಕಾದವರು ಬೇಗೂರಿನ ಮಣ್ಣಿನಲ್ಲಿದ್ದರು, ನಾನು ಎಂಟು ತಿಂಗಳು ಅದನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದೆ.