ಝೆರ್ಬೊನ ಮುಚ್ಚಿದ ಬಾಯಿ

ನಮ್ಮ ಬುರ್ಕಿನಾ ಫಾಸೊದಲ್ಲಿ ನಮ್ಮಂಥ ಪ್ರತಿ ಮೊಸ್ಸಿ ಜನಾಂಗದ ಮನೆಗೂ ನೆರೆ ಜನಾಂಗದ ಒಬ್ಬ ಸಾಮೋ ಅಂಟಿಕೊಂಡಿರುತ್ತಾನೆ; ನಮಗೆ ಅಂಟಿದವನು ಚಾಪೆ ಹೆಣೆಯುವ ಝೆರ್ಬೊ. ಈ ಎರಡು ಜನಾಂಗದವರು ಒಬ್ಬರನ್ನೊಬ್ಬರು ಆಳೆಂದು ಎಷ್ಟು ಬೈದರೂ ಸಿಟ್ಟಾಗಬಾರದೆಂದು ಕಟ್ಟಳೆ ಮಾಡಿದವರಿಗೆ ಝೆರ್ಬೊನ ಪರಿಚಯವಿರಲಿಲ್ಲ. ಬೆಳಗಾಗುತ್ತಲೇ ಅಂಗಳದಲ್ಲಿ ನಿಂತು, "ಏ ಕತ್ತೆ ತಿನ್ನೋರೇ, ಯಜಮಾನ ಬಂದಿದೀನಿ, ಸಜ್ಜೆ ಗಂಜಿ ತನ್ನಿ" ಎನ್ನುತ್ತಾನೆ. "ನಿಮ್ಮೋರು ತಿನ್ನೋ ನಾಯಿತಲೆ ಬೇಯಿಸಿಲ್ಲ, ಹೋಗು" ಎಂದು ಅಪ್ಪ ಒಳಗಿನಿಂದಲೇ ಹೇಳುತ್ತಿದ್ದ. ನಾನು ದಾದಿ. ಅಕ್ಕಪಕ್ಕದ ಜನಾಂಗಗಳ ರಕ್ತಸಂಬಂಧ ತಿಳಿಯಲು ಎಲ್ಲರ ಎಂಜಲು ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಊರೆಲ್ಲ ಬಾಯಿ ತೆರೆಯಿತು. ದಿನವಿಡೀ ಮುಚ್ಚದ ಈ ಬಾಯೊಂದು ಮಾತ್ರ ನನ್ನ ಹತ್ತಿಕಡ್ಡಿ ಕಂಡೊಡನೆ ಮುಚ್ಚಿಕೊಳ್ಳುತ್ತಿತ್ತು. ಐದು ತಿಂಗಳು ಬೆನ್ನುಬಿದ್ದು ನನಗೆ ಸಾಕಾಯಿತು. "ಆಳುಗಳು ಯಜಮಾನನ ಹಲ್ಲು ನೋಡಬಾರ್ದು" ಅಂತೆ. ಅಷ್ಟರಲ್ಲಿ ಅಪ್ಪ ತೀರಿಕೊಂಡ. ಸಾವಿನಲ್ಲೂ ಆ ಹಾಳು ಕಟ್ಟಳೆಗೆ ರಜೆಯಿಲ್ಲ. ಶವ ಇಳಿಸುವ ಹೊತ್ತಿಗೆ ಝೆರ್ಬೊ ಗುಂಡಿಯೊಳಗೆ ಅಂಗಾತ ಮಲಗಿ, "ಈ ಸೋಮಾರಿ ಆಳಿಗೆ ನಾನು ರಜಾ ಕೊಟ್ಟಿಲ್ಲ, ವಾಪಸ್ ಕರ್ಕೊಂಡು ಹೋಗಿ" ಎಂದು ಹಟ ಹಿಡಿದ. ಮೂರು ದಿನದಿಂದ ಅಳುತ್ತಿದ್ದ ಅಮ್ಮ ನಕ್ಕುಬಿಟ್ಟಳು. ಎಳೆದು ಹೊರಗೆ ಹಾಕೋಣವೆಂದು ನಾನು ಬಗ್ಗಿದರೆ, ಅವನ ಕೈಗಳು ಅಪ್ಪನ ತಲೆ ಬರುವ ಜಾಗದ ಕಲ್ಲುಗಳನ್ನು ತಡಕಿ ತಡಕಿ ತೆಗೆಯುತ್ತಿದ್ದವು. ಮರುದಿನ ಮತ್ತೆ ಕಡ್ಡಿ ಹಿಡಿದು ಹೋದೆ. "ಬೇಡ ಕಣೆ" ಎಂದ ಝೆರ್ಬೊ. "ನಿಮ್ಮಪ್ಪಂಗೂ ನಂಗೂ ಒಂದೇ ರಕ್ತ ಅಂತ ಪರೀಕ್ಷೇಲಿ ಬಂದಿದ್ರೆ, ನಿನ್ನೆ ನಾನೂ ನೆಂಟರ ಜೊತೆ ಕೂತು ಅಳಬೇಕಿತ್ತು. ಆಗ ನಿಮ್ಮಮ್ಮನ್ನ ನಗಿಸೋರು ಯಾರು?"