ಖಂಡೇಪೂಜೆಯ ದಿನ ಜೀಪು ತೆಗೆದವಳು ನಾನು

ಕರ್‌ರ್‌ರ್ — ಯಾರೋ ಹಲ್ಲು ಕಡಿದ ಹಾಗೆ. ಕ್ಲಚ್ಚನ್ನು ಪೂರ್ತಿ ಒತ್ತದೆ ಗೇರು ಹಾಕಿದರೆ ಹಳೆಯ ಜೀಪು ಕೂಗುವ ಸದ್ದು ಅದು. ಆ ಸದ್ದು ಮಾಡಿದ್ದು ನನ್ನ ಕೈ, ಲಗಮಣ್ಣನದಲ್ಲ. ಖಂಡೇಪೂಜೆಯ ದಿನ ದೇವರ ಮುಂದಿನಿಂದ ಚಾವಿ ಎತ್ತಿಕೊಂಡು ನಮ್ಮಪ್ಪನ ಜೀಪನ್ನು ಹೊಳೆಯ ದಂಡೆಯವರೆಗೆ ಹೊಡೆದುಕೊಂಡು ಹೋದವಳು ನಾನು. ಹೆಡ್‌ಲೈಟ್ ಒಡೆದವಳು ನಾನು. ಆಮೇಲೆ ಅದೆಲ್ಲ ಮಾಡಿದ್ದು ನಮ್ಮ ಡ್ರೈವರ್ ಲಗಮಣ್ಣ ಎಂದು ಸುಳ್ಳು ಹೇಳಿ, ಅವನ ಕೆಲಸವನ್ನೂ ಹೆಸರನ್ನೂ ಕಳೆದವಳು ನಾನೇ.

ಇದನ್ನು ಬರೆಯಬೇಡ ಎಂದು ನನ್ನ ತಮ್ಮ ಎರಡು ಸಲ ಫೋನು ಮಾಡಿದ. "ಅಕ್ಕಾ, ಅಪ್ಪ ಹೋಗಿ ಎಷ್ಟ ವರ್ಷಾತು. ಆ ಲಗಮಣ್ಣನೂ ಇದ್ದಾನೋ ಇಲ್ಲೋ. ಈಗ ಯಾಕ ಮನಿ ಮರ್ಯಾದಿ ಪೇಪರಿಗೆ ಹಾಕ್ತಿ?"

ಮನೆಯ ಮರ್ಯಾದೆ! ಐವತ್ತೇಳು ವರ್ಷ ಅದನ್ನು ಕಾದದ್ದು ಲಗಮಣ್ಣ. ಇನ್ನು ಸಾಕು. ಬರೆಯುತ್ತೇನೆ, ನನ್ನ ಹೆಸರು ಹಾಕಿಯೇ ಬರೆಯುತ್ತೇನೆ.

ಹಾಗೆಂದು ಗಾಡಿ ಹೊಡೆದದ್ದಕ್ಕೆ ನಾನು ಅಳುತ್ತೇನೆಂದು ಯಾರೂ ಕಾಯಬೇಡಿ. ಅದಕ್ಕೆ ಕ್ಷಮೆ ಕೇಳುವವಳಲ್ಲ ನಾನು. ಆ ಮುಕ್ಕಾಲು ಗಂಟೆಯಷ್ಟು ಖುಷಿಯಾಗಿ ನಾನು ಬದುಕಿನಲ್ಲಿ ಮತ್ತೆ ಯಾವಾಗ ಇದ್ದೆನೋ — ನೆನಪಿಲ್ಲ. ಪೂಜೆ ಮುರಿದದ್ದಕ್ಕೂ ಹೆದರುವುದಿಲ್ಲ. ಹೆದರುವುದು ಬೇರೆ ಒಂದಕ್ಕೆ.

ಹೋದ ತಿಂಗಳು ನಿಪ್ಪಾಣಿಯಲ್ಲಿ, ಮಗಳ ಮನೆಯಲ್ಲಿ, ಮೊಮ್ಮಗಳು ಸಾನ್ವಿ ತನ್ನ ಗೆಳತಿಯರನ್ನು ಕೂಡಿಸಿಕೊಂಡು ಟೀವಿಯಲ್ಲಿ ಒಂದು ಸಿನೆಮಾ ಹಾಕಿದ್ದಳು. ಟೀನೇಜ್ ಕಾಮಿಡಿಯಂತೆ. ಮೂವರು ಹುಡುಗರು, ಲೈಸೆನ್ಸ್ ಇಲ್ಲ, ಮೀಸೆ ಇಲ್ಲ, ಬುದ್ಧಿಯಂತೂ ಮೊದಲೇ ಇಲ್ಲ. ಅಪ್ಪನ ಹೊಸ ಕಾರು ಕದ್ದು ಊರೆಲ್ಲ ತಿರುಗುತ್ತಾರೆ, ಒಂದು ಮದುವೆಯ ಪೆಂಡಾಲಿಗೆ ನುಗ್ಗುತ್ತಾರೆ, ಕೊನೆಗೆ ಸೊಟ್ಟಗಾದ ಕಾರನ್ನು ಮನೆಗೆ ತಂದು ನಿಲ್ಲಿಸುತ್ತಾರೆ. ಹುಡುಗಿಯರು ಹಿಂದಿನ ಸೀಟಿನಲ್ಲಿ ಕೂತು ಕಿರುಚುವುದಕ್ಕೆ ಮಾತ್ರ. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾನು ಓದುತ್ತಿದ್ದ ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬಿಳಿ ಬೆಡ್‌ಶೀಟು ಕಟ್ಟಿ ಇಂಥದೇ ಒಂದು ಇಂಗ್ಲಿಷ್ ಸಿನೆಮಾ ತೋರಿಸಿದ್ದರು. ಅದರಲ್ಲಿ ಸ್ಟಿಯರಿಂಗ್ ಹುಡುಗಿಯ ಕೈಯಲ್ಲಿತ್ತು. ನನ್ನ ತಲೆ ಕೆಟ್ಟದ್ದು ಅಲ್ಲಿಂದಲೇ.

ಈ ಸಿನೆಮಾದಲ್ಲಿ ಕಾರು ಕೆಡಿಸಿದ್ದು ಬಂಗಲೆಯ ವಾಚ್‌ಮನ್ ಎಂದು ಹುಡುಗರು ಹೇಳಿಬಿಡುತ್ತಾರೆ. ಅಪ್ಪ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಅವನು ಕಾಲು ಜಾರಿ ಸ್ವಿಮಿಂಗ್ ಪೂಲಿಗೆ ಬೀಳುತ್ತಾನೆ. ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿನೆಮಾ ಮುಗಿಯಿತು. ಅಪ್ಪ ಮಕ್ಕಳನ್ನು ಅಪ್ಪಿಕೊಂಡ, ಎಲ್ಲರೂ ಕುಣಿದರು.

"ಆ ವಾಚ್‌ಮನ್ ಏನಾದ?" ಎಂದೆ.

"ಆಯಿ, ಅಂವಾ ಸೈಡ್ ಕ್ಯಾರೆಕ್ಟರ್. ಅವನ ಚಿಂತಿ ನಿನಗ್ಯಾಕ?" ಎಂದಳು ಸಾನ್ವಿ. ಆಮೇಲೆ ಗೆಳತಿಯರ ಕಡೆ ತಿರುಗಿ, "ನಮ್ಮ ಮನ್ಯಾಗೂ ಒಬ್ಬ ಇದ್ದ ಗೊತ್ತೈತಿ? ಲಗಮಣ್ಣ ಅಂತ. ಖಂಡೇಪೂಜಿ ದಿನಾ ಗಾಡಿ ಹೊಡದು ಮುತ್ಯಾಗ ಲಕ್ವಾ ತರಿಸಿದಾಂವ!"

ಮತ್ತೆ ನಗು.

ಹದಿನಾರು ವರ್ಷದ ಹುಡುಗಿ. ಲಗಮಣ್ಣನನ್ನು ಅವಳು ನೋಡಿಲ್ಲ, ಅವಳ ತಾಯಿಯೂ ನೋಡಿಲ್ಲ. ಆದರೆ ಆ ಹೆಸರು ನಮ್ಮ ಮನೆಯಲ್ಲಿ ಒಂದು ಬೈಗುಳವಾಗಿ ಉಳಿದಿದೆ. ಯಾರಾದರೂ ಹೇಳದೆ ಕೇಳದೆ ಏನನ್ನಾದರೂ ಮುಟ್ಟಿದರೆ — "ಲಗಮಣ್ಣನ ಕೆಲಸಾ ಮಾಡಬ್ಯಾಡ." ಪ್ರತಿ ವರ್ಷ ಖಂಡೇಪೂಜೆಯ ಊಟದಲ್ಲಿ ಅವನ ಕಥೆ ಬರುತ್ತದೆ. ನಾನು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ ಕೇಳುತ್ತೇನೆ.

ಆ ದಿನ ಏನಾಯಿತು, ಹೇಳುತ್ತೇನೆ.

ನನಗೆ ಹದಿನೇಳು. ದಸರೆಯ ರಜೆಗೆಂದು ನಮ್ಮೂರು ದಿಗ್ಗೇವಾಡಿಗೆ ಬಂದಿದ್ದೆ. ನಮ್ಮ ಕಡೆ ಮಹಾನವಮಿಯ ದಿನ ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಕೂರುತ್ತದೆ: ಕುಡಗೋಲು, ಕೊಡಲಿ, ಗುದ್ದಲಿ, ಅಜ್ಜನ ಕತ್ತಿ, ಜೀಪಿನ ಸ್ಪ್ಯಾನರು, ಜೀಪಿನ ಚಾವಿ. ಅವುಗಳಿಗೆ ಅಂದು ವಿಶ್ರಾಂತಿ. ಮರುದಿನ ಬನ್ನಿ ಹಂಚುವ ತನಕ ಯಾರೂ ಮುಟ್ಟುವಂತಿಲ್ಲ. ಅಂಗಳದಲ್ಲಿ ಜೀಪು ಕಬ್ಬಿನ ಗರಿ, ಚೆಂಡುಹೂವು ಹೊತ್ತುಕೊಂಡು ಮದುಮಗನ ಹಾಗೆ ನಿಂತಿತ್ತು. ನಾಲ್ಕು ಗಾಲಿಯ ಕೆಳಗೂ ಕುಂಕುಮ ಹಚ್ಚಿದ ಲಿಂಬೆಹಣ್ಣು.

ಯಾರೂ ಮುಟ್ಟುವುದಿಲ್ಲ — ಅಂದರೆ ಯಾರೂ ನೋಡುವುದೂ ಇಲ್ಲ. ನನ್ನ ಲೆಕ್ಕಾಚಾರ ಅಷ್ಟೇ.

ಲಗಮಣ್ಣ ಜುಗೂಳದವನು, ಕುರಿ ಕಾಯುವ ಮನೆತನದವನು. ಹನ್ನೊಂದು ವರ್ಷದಿಂದ ನಮ್ಮಲ್ಲಿ ಡ್ರೈವರ್. ಬೇಸಿಗೆ ರಜೆಯಲ್ಲಿ ನಾನು ಕಾಡಿ ಬೇಡಿ, ತೋಟದ ಹಾದಿಯಲ್ಲಿ ಅವನಿಂದ ಗಾಡಿ ಕಲಿತಿದ್ದೆ. ಯಾರಿಗೂ ಗೊತ್ತಿರಲಿಲ್ಲ. ಮುಂದಕ್ಕೆ ಹೊಡೆಯುವುದಷ್ಟೇ ಕಲಿಸಿದ್ದ. "ರಿವರ್ಸ್ ದೀಪಾವಳಿಗೆ ಕಲಸ್ತೀನ್ರಿ ಅಕ್ಕಾರ. ಒಮ್ಮಿಗೇ ಎಲ್ಲಾ ಕಲತ್ರ ನನ್ನ ಹೊಟ್ಟಿಪಾಡು ಹೆಂಗ?" ಎಂದು ನಗುತ್ತಿದ್ದ.

ಮಧ್ಯಾಹ್ನ ಹೋಳಿಗೆ ಉಂಡು ಮನೆಯೆಲ್ಲ ಗೊರಕೆ ಹೊಡೆಯುತ್ತಿತ್ತು. ನಾನು ದೇವರ ಕೋಣೆಗೆ ಹೋಗಿ ಚಾವಿ ಎತ್ತಿಕೊಂಡೆ. ಪಕ್ಕದಲ್ಲಿ ಕಾಕಾನ ಮಗಳು ಕುಸುಮ. ಇಳಿಜಾರಿನ ಅಂಗಳ, ಬ್ರೇಕು ಬಿಟ್ಟೆವು, ಪಚ್ ಪಚ್ ಎಂದು ಲಿಂಬೆಹಣ್ಣುಗಳು ಒಡೆದವು, ಜೀಪು ಸದ್ದಿಲ್ಲದೆ ರಸ್ತೆಗೆ ಇಳಿಯಿತು. ಅಲ್ಲಿ ಚಾವಿ ತಿರುಗಿಸಿ ಗೇರು ಹಾಕಿದೆ — ಕರ್‌ರ್‌ರ್!

"ಸುಮಿ, ಸಾಯ್ತೀವಿ ನಾವು!" ಎಂದಳು ಕುಸುಮ.

"ಸತ್ರೂ ಗಾಡ್ಯಾಗ ಸಾಯೂಣು ಬಾ!"

ಎರಡೂ ಬದಿ ಆಳೆತ್ತರದ ಕಬ್ಬು, ಮುಂದೆ ಕೃಷ್ಣಾ ಹೊಳೆಯ ಬೆಳಕು, ನನ್ನ ಎರಡು ಜಡೆ ಗಾಳಿಯಲ್ಲಿ. ನಾನು ಕಾನ್ವೆಂಟಿನ ಹಾಡು ಹಾಡಿದೆ, ಕುಸುಮ ಆರತಿಯ ಹಾಡು ಹಾಡಿದಳು. ದಂಡೆಗೆ ಹೋದ ಮೇಲೆ ನೆನಪಾಯಿತು — ತಿರುಗಿಸುವುದು ಹೇಗೆ? ರಿವರ್ಸ್ ಗೊತ್ತಿಲ್ಲ. ಅಗಲವಾದ ಜಾಗವೆಂದರೆ ಶೇಂಗಾ ಒಣಹಾಕಿದ ಒಂದು ಕಣ. ಅದರ ಮೇಲೆಯೇ ದೊಡ್ಡದೊಂದು ಸುತ್ತು ಹೊಡೆದೆ. ಗುಡಿಸಲಿನಿಂದ ಮುದುಕಿಯೊಬ್ಬಳು ಕಸಬರಿಗೆ ಹಿಡಿದು ಓಡಿ ಬಂದಳು. "ಯಾರ ಮನಿ ಹೆಣ್ಣಬೇ ನೀವು? ನಿಮ್ಮ ಗಾಲಿ ಮುರಿಲಿ!" ನಾವು ಬಿದ್ದು ಬಿದ್ದು ನಕ್ಕೆವು. ಆ ಮುದುಕಿಯ ಶೇಂಗಾ ಎಷ್ಟು ಹಾಳಾಯಿತೋ — ಇಲ್ಲಿಯವರೆಗೆ ಯೋಚಿಸಿರಲಿಲ್ಲ ನೋಡಿ.

ಮನೆಗೆ ಬಂದಾಗ ಬಾಗಿಲ ಕಲ್ಲಿನ ಕಂಬಕ್ಕೆ ತಾಗಿ ಎಡಗಡೆಯ ಹೆಡ್‌ಲೈಟ್ ಪುಡಿಯಾಯಿತು. ಅದಕ್ಕಿಂತ ಕೆಟ್ಟದ್ದು ಬೇರೆ ಇತ್ತು. ಲಗಮಣ್ಣ ಯಾವಾಗಲೂ ಜೀಪಿನ ಮೂತಿ ರಸ್ತೆಯ ಕಡೆ ಮಾಡಿ ನಿಲ್ಲಿಸುತ್ತಿದ್ದ. ನಾನು ಮುಂದಕ್ಕಷ್ಟೇ ಬಲ್ಲವಳು. ಈಗ ಜೀಪು ಕೊಟ್ಟಿಗೆಯ ಗೋಡೆಗೆ ಮೂತಿ ಹಚ್ಚಿ ನಿಂತಿತ್ತು. ಹೂವು ಸರಿಮಾಡಬಹುದು, ಲಿಂಬೆಹಣ್ಣು ಬೇರೆ ಇಡಬಹುದು. ಜೀಪನ್ನು ತಿರುಗಿಸುವುದು ಹೇಗೆ? ಕುಸುಮ ಹಿತ್ತಿಲಿಗೆ ಓಡಿದಳು. ನಾನು ಸ್ಟಿಯರಿಂಗ್ ಹಿಡಿದು ಕೂತೇ ಇದ್ದೆ.

ಹಬ್ಬದ ಊಟದ ಬುತ್ತಿ ಒಯ್ಯಲು ಲಗಮಣ್ಣ ಬಂದದ್ದು ಆಗಲೇ. ಗಾಜು ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ.

"ಇಳೀರಿ ಅಕ್ಕಾರ. ಒಳಗ ಹೋಗಿ ಮಕ್ಕೋರಿ. ನೀವು ಏನೂ ನೋಡಿಲ್ಲ."

ನಾನು ಪಡಸಾಲೆಯ ಬಾಗಿಲು ದಾಟುವುದರೊಳಗೆ ಅವನು ಹತ್ತಿ ಜೀಪು ಶುರು ಮಾಡಿ ತಿರುಗಿಸತೊಡಗಿದ್ದ. ನನ್ನ ಸದ್ದಿಗೆ ಏಳದ ಅಪ್ಪ ಈ ಸದ್ದಿಗೆ ಎದ್ದು ಬಂದರು. ಪೂಜೆಯ ಗಾಡಿ, ಒಡೆದ ಹೆಡ್‌ಲೈಟ್, ಸ್ಟಿಯರಿಂಗ್ ಹಿಡಿದ ಲಗಮಣ್ಣ.

"ಯಾರ್ನ ಕೇಳಿ ಮುಟ್ಟಿದ್ಯೋ ಇವತ್ತ?"

"ತಪ್ಪಾತ್ರಿ ಸಾವಕಾರ್ರ."

"ಚಾವಿ? ಚಾವಿ ದೇವರ ಮುಂದಿತ್ತಲ್ಲೋ. ದೇವರ ಕ್ವಾಣಿಗೆ ಹೊಕ್ಕಿದ್ಯಾ?"

ಹನ್ನೊಂದು ವರ್ಷದಲ್ಲಿ ಲಗಮಣ್ಣ ನಮ್ಮ ದೇವರ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ದಾಟಲು ನಮ್ಮವರು ಬಿಡುತ್ತಿರಲಿಲ್ಲ. ಹೌದೆಂದರೆ ದೊಡ್ಡ ಅಪರಾಧ, ಇಲ್ಲವೆಂದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವನು ಜೀಪು ಆರಿಸಿ, ಕೆಳಗಿಳಿದು, ತಲೆ ತಗ್ಗಿಸಿದ. ಅಪ್ಪ ನನ್ನ ಕಡೆ ತಿರುಗಿದರು.

"ಸುಮಿ, ನೀ ಇಲ್ಲೇ ಇದ್ದೆಲ್ಲ. ಇಂವಾ ಒಳಗ ಬಂದಿದ್ನೇನು?"

ನನ್ನ ಇಂಗ್ಲಿಷಿನ ಮೇಲೆ ಅಪ್ಪನಿಗೆ ಬಹಳ ಅಭಿಮಾನ. ಕಾನ್ವೆಂಟಿನಲ್ಲಿ ಕಲಿತ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

"ಯೆಸ್ ಪಪ್ಪಾ," ಎಂದೆ.

ಅಷ್ಟೇ. ಲಗಮಣ್ಣ ಒಮ್ಮೆ ತಲೆಯೆತ್ತಿ ನೋಡಿದ. ಗಾಡಿಯ ತಪ್ಪನ್ನು ಅವನು ತಾನಾಗಿ ಹೊತ್ತುಕೊಂಡಿದ್ದ — ಅದು ಅವನು ಕೊಟ್ಟದ್ದು. ದೇವರ ಕೋಣೆಯ ತಪ್ಪನ್ನು ಅವನ ತಲೆಯ ಮೇಲೆ ಇಟ್ಟವಳು ನಾನು. ಇವೆರಡೂ ಒಂದೇ ಅಲ್ಲ. ನಾನು ಹೆದರುವುದು ಆ ಎರಡನೆಯದಕ್ಕೆ.

ಅವನನ್ನು ಅಂದೇ ಕಳಿಸಿದರು, ಬುತ್ತಿಯನ್ನೂ ಕೊಡದೆ. ದೀಪಾವಳಿ ಕಳೆದ ಮೇಲೆ ಅಪ್ಪನಿಗೆ ಲಕ್ವಾ ಹೊಡೆಯಿತು, ಬಲಗೈ ಹೋಯಿತು. ಮನೆಯವರು ಎರಡನ್ನೂ ಗಂಟು ಹಾಕಿದರು. ಆ ಕಾಲದಲ್ಲಿ ಗಾಡಿ ಇದ್ದ ಮನೆಗಳೇ ಕಡಿಮೆ, ಎಲ್ಲರೂ ಒಬ್ಬರಿಗೊಬ್ಬರು ಬೀಗರು. ದೇವರ ಕೋಣೆಗೆ ನುಗ್ಗಿದವನನ್ನು ಅಥಣಿಯಿಂದ ಚಿಕ್ಕೋಡಿಯ ತನಕ ಯಾರೂ ಡ್ರೈವರ್ ಮಾಡಿಕೊಳ್ಳಲಿಲ್ಲ. ಅಪ್ಪ ಆಮೇಲೆ ಹದಿನೈದು ವರ್ಷ ಬದುಕಿದರು. ಹದಿನೈದು ಖಂಡೇಪೂಜೆ. ನಾನು ಬಾಯಿ ತೆರೆಯಬಹುದಾಗಿತ್ತು —

ತೆರೆಯಲಿಲ್ಲ. ಚಿಕ್ಕವಳಿದ್ದೆ ಎನ್ನುವುದಿಲ್ಲ. ಹದಿನೇಳು ಚಿಕ್ಕದಲ್ಲ, ಮೂವತ್ತೆರಡಂತೂ ಅಲ್ಲವೇ ಅಲ್ಲ.

ಈ ವರ್ಷ ಖಂಡೇಪೂಜೆಯ ಊಟಕ್ಕೆ ನಾನು ಹೋಗುತ್ತೇನೆ. ಎಲೆಗಳ ಮುಂದೆ ಎಲ್ಲರೂ ಕೂತಾಗ ಇದನ್ನು ಗಟ್ಟಿಯಾಗಿ ಓದುತ್ತೇನೆ, ಸಾನ್ವಿಯ ಮುಂದೆಯೇ. ಏಳುವವರು ಏಳಲಿ. ಅದಕ್ಕೂ ಮೊದಲು ಜುಗೂಳಕ್ಕೆ ಹೋಗಿ ಲಗಮಣ್ಣನ ಮನೆ ಕೇಳುತ್ತೇನೆ. ಅವನಿದ್ದರೆ ಅವನ ಮುಂದೆ, ಇಲ್ಲದಿದ್ದರೆ ಅವನ ಮಕ್ಕಳ ಮುಂದೆ ಓದುತ್ತೇನೆ. ಅವರು ಬೈದರೆ ನಿಂತು ಬೈಸಿಕೊಳ್ಳುತ್ತೇನೆ.

ಅವನನ್ನು ಕಡೆಯ ಸಲ ನೋಡಿದ್ದು ಕಾಗವಾಡದ ರಸ್ತೆಯಲ್ಲಿ. ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಅಥಣಿಯ ಗಂಡನ ಮನೆಯಿಂದ ನಾನೊಬ್ಬಳೇ ನನ್ನ ಕಾರು ಹೊಡೆದುಕೊಂಡು ಬರುತ್ತಿದ್ದೆ. ಅಷ್ಟರಲ್ಲಿ ಲೈಸೆನ್ಸ್ ಇತ್ತು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಚಕ್ಕಡಿಗಳ ಪಾಳಿ ರಸ್ತೆ ಕಟ್ಟಿ ನಿಂತಿತ್ತು. ಪಾಳಿ ಬಿಟ್ಟವನು ಮತ್ತೆ ಎಲ್ಲರ ಹಿಂದೆ ಹೋಗಬೇಕು, ಅದಕ್ಕೇ ಯಾರೂ ಅಲುಗುವುದಿಲ್ಲ. ನಾನು ಹಾರ್ನ್ ಹೊಡೆಯುತ್ತಲೇ ಇದ್ದೆ. ಮುಂದಿನ ಚಕ್ಕಡಿಯವನು ತಿರುಗಿ ನೋಡಿದ. ಲಗಮಣ್ಣ. ಕೂದಲು ಬೆಳ್ಳಗಾಗಿತ್ತು. ಎತ್ತುಗಳನ್ನು ಹೊರಗೆ ಎಳೆದು ನನಗೆ ದಾರಿ ಬಿಟ್ಟ.

"ಏ ಲಗಮ್ಯಾ, ಪಾಳಿ ಹೋತಲೇ! ನಿನ್ನಿಯಿಂದ ನಿಂತಿದ್ದಿ, ಹುಚ್ಚ ಹಿಡದೈತೇನ?" ಎಂದು ಹಿಂದಿನವರು ಕೂಗಿದರು. ನಾನು ದಾಟಿದ್ದೇ ತಡ, ಅವನ ಜಾಗದಲ್ಲಿ ಇನ್ನೊಂದು ಚಕ್ಕಡಿ ಬಂದು ನಿಂತಿತು.

ಅವನು ಕಾರಿನ ಕಿಟಕಿಯ ಹತ್ತಿರ ಬಂದ.

"ಆರಾಮ ಅದೀರೇನ್ರಿ ಅಕ್ಕಾರ? ಸಾವಕಾರ್ರು ಹೋದ ಸುದ್ದಿ ಕೇಳಿದ್ನಿ. ಮಣ್ಣಿಗೆ ಬರಬೇಕಂತ ಹೊಂಟಿದ್ನಿರಿ. ನಾ ಬಂದ್ರ ಮಂದಿ ಮತ್ತ ಅದನ್ನ ಆಡಿಕೋತಾರ ಅಂತ, ಅರ್ಧ ಹಾದ್ಯಾಗಿಂದ ಹೊಳ್ಳಿ ಹೋದ್ನಿರಿ."

ಇಂಜಿನ್ ನಡೆಯುತ್ತಿತ್ತು. ಕಿಟಕಿ ತೆರೆದಿತ್ತು. ಅಪ್ಪ ಇರಲಿಲ್ಲ, ಹೆದರಲು ಯಾರೂ ಇರಲಿಲ್ಲ. ಅಲ್ಲಿದ್ದ ಚಕ್ಕಡಿಯವರೆಲ್ಲ ಕೇಳುವ ಹಾಗೆ ನಾನು ಒಂದೇ ಒಂದು ಮಾತು —

"ಥ್ಯಾಂಕ್ಸ್ ಲಗಮಣ್ಣ," ಎಂದು ಕಾರು ಮುಂದೆ ಬಿಟ್ಟೆ. ಅವನು ಎತ್ತುಗಳ ಹಗ್ಗ ಹಿಡಿದು, ಒಂದೊಂದೇ ಚಕ್ಕಡಿ ದಾಟಿಕೊಂಡು, ಪಾಳಿಯ ಕೊನೆಯ ಕಡೆಗೆ ನಡೆದು ಹೋಗುತ್ತಿದ್ದ.